ಚರ್ಚ್‌ನ ಅನುದಾನಿತ ಕನ್ನಡ ಶಾಲೆ ಮುಚ್ಚುವ ಹಂತದಲ್ಲಿದೆ, ಎಲ್ಲಿಂದ ಶುರು ಮಾಡೋಣ?

ಹಳೆವಿದ್ಯಾರ್ಥಿ_ದಕ್ಷಿಣಕನ್ನಡ:
ಒಳನಾಡಿನ ಚರ್ಚ್ ಶಾಲೆ. ಒಂದರಿಂದ ಏಳನೇ ತರಗತಿ, ಕನ್ನಡ ಮಾಧ್ಯಮ, ಅನುದಾನಿತ. ಒಟ್ಟು 41 ಮಕ್ಕಳು, ಈ ವರ್ಷ ಒಂದನೇ ತರಗತಿಗೆ ಬಂದದ್ದು ನಾಲ್ಕೇ. ಸರಕಾರದ ಸಂಬಳದ ಟೀಚರ್ ಇಬ್ಬರು, ಅವರಲ್ಲೊಬ್ಬರು ಬರುವ ಮೇಯಲ್ಲಿ ನಿವೃತ್ತಿ. ಚರ್ಚ್‌ನ ಪಾಲನಾ ಮಂಡಳಿಯಲ್ಲಿ ಶಾಲೆ ಮುಚ್ಚುವ ಮಾತು ಬಂದಿದೆ. ಹಳೆ ವಿದ್ಯಾರ್ಥಿಗಳು ಹಣ ಕೊಡಲು ತಯಾರಿದ್ದಾರೆ. ಬಣ್ಣ, ಗೇಟು, ಸ್ಮಾರ್ಟ್ ಕ್ಲಾಸ್: ಯಾವುದು ಮೊದಲು? ವಿದೇಶದವರ ಹಣ ತರಿಸುವುದು ಹೇಗೆ?

ಮಾಷ್ಟ್ರು:
ಮೂರೂ ಬೇಡ. ಮೊದಲು ಟೀಚರ್, ಜೊತೆಗೇ ಎಲ್‌ಕೆಜಿ.

ನಿವೃತ್ತಿಯಿಂದ ಖಾಲಿಯಾದ ಅನುದಾನಿತ ಹುದ್ದೆ ತಾನಾಗಿ ತುಂಬುವುದಿಲ್ಲ, ಸರಕಾರದ ಅನುಮತಿ ಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಒಬ್ಬರೇ ಟೀಚರ್ ಏಳು ತರಗತಿ ನೋಡುವ ಶಾಲೆಗೆ ಯಾರು ಮಗು ಕಳಿಸುತ್ತಾರೆ ಹೇಳಿ. ಶಾಲೆಯ ಆಡಳಿತ ನೋಡುವ ಸಂಚಾಲಕರಿಂದ ಹುದ್ದೆಯ ಪ್ರಸ್ತಾವ ಈಗಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ, ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅದು ಮಂಜೂರಾಗುವವರೆಗೆ ನೀವೇ ಸಂಬಳ ಕೊಡುವ ಗೌರವ ಶಿಕ್ಷಕರು ಬೇಕೇ ಬೇಕು.

ಇನ್ನು ಎಲ್‌ಕೆಜಿ. ಮಗುವಿಗೆ ಮೂರೂವರೆ ಆಗುವಾಗಲೇ ತಂದೆತಾಯಿ ಶಾಲೆ ತೀರ್ಮಾನಿಸಿ ಆಗಿರುತ್ತದೆ. ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಗೆ ಹೋದ ಮಗು ಒಂದನೇ ತರಗತಿಗೆ ನಿಮ್ಮಲ್ಲಿಗೆ ಬರುವುದು ತೀರಾ ಅಪರೂಪ. ಎಲ್‌ಕೆಜಿ ಟೀಚರಿಗೆ ಅನುದಾನ ಇಲ್ಲ, ಆ ಸಂಬಳವೂ ನಿಮ್ಮದೇ.

ಮನೆ ಭೇಟಿ ನವೆಂಬರ್‌ನಲ್ಲೇ ಮುಗಿಯಲಿ, ಮೇ ತಿಂಗಳಲ್ಲಿ ಹೋದರೆ ಬೇರೆ ಕಡೆ ಫೀಸು ಕಟ್ಟಿ ಆಗಿರುತ್ತದೆ. ಚರ್ಚ್‌ನ ಒಂದೊಂದು ವಾಡೆಯ (ವಾರ್ಡಿನ) ಮಕ್ಕಳ ಪಟ್ಟಿ ಆ ವಾಡೆಯ ಮುಖ್ಯಸ್ಥ ಗುರ್ಕಾರರಿಂದ, ಉಳಿದದ್ದು ಅಂಗನವಾಡಿ ಟೀಚರಿಂದ. ಭಾನುವಾರದ ಪೂಜೆಯ ನಂತರ ಸಭೆ ಕರೆದು ಕೂತರೆ ಸಾಲದು. ಇಂಥ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ ಮಕ್ಕಳೂ ಇರುತ್ತಾರೆ, ಅವರ ತಾಯಂದಿರು ಆ ಸಭೆಗೆ ಬರುವುದಿಲ್ಲ. ಬಿಸಿಯೂಟ, ಉಚಿತ ಪಠ್ಯಪುಸ್ತಕ ಇದೆ ಎಂದು ಅವರ ಮನೆಗೇ ಹೋಗಿ ಹೇಳಿ.

ಲೆಕ್ಕಪತ್ರ:
ಗೌರವ ಶಿಕ್ಷಕರೊಬ್ಬರು, ಎಲ್‌ಕೆಜಿ ಟೀಚರ್ ಒಬ್ಬರು: ಒಬ್ಬರಿಗೆ ತಿಂಗಳಿಗೆ 15,000 ಅಂದರೆ ಇಬ್ಬರಿಗೆ ವರ್ಷಕ್ಕೆ 3,60,000. ತಿಂಗಳಿಗೆ 100 ರೂಪಾಯಿಯಂತೆ 300 ಜನ ಕೊಟ್ಟರೆ ಸರಿಯಾಗಿ ಅಷ್ಟೇ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಿಗುವ ದೊಡ್ಡ ಚೆಕ್ಕಿಗಿಂತ ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ನೂರು ರೂಪಾಯಿ ನಂಬಿಗಸ್ತ. ಏಪ್ರಿಲ್, ಮೇ ಸಂಬಳ ತಪ್ಪಿಸಬೇಡಿ, ಒಳ್ಳೆಯ ಟೀಚರ್ ಜೂನ್‌ಗೆ ತಿರುಗಿ ಬರುವುದಿಲ್ಲ.

ಹಳೆ ವಿದ್ಯಾರ್ಥಿ ಸಂಘವನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಕನಿಷ್ಠ 7 ಜನ ಬೇಕು. ಕಟ್ಟಡ, ಜಾಗ ಚರ್ಚ್‌ನದ್ದು, ಮುಚ್ಚುವ ಬಿಡುವ ತೀರ್ಮಾನ ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಹಣ ಎತ್ತುವ ಮೊದಲೇ ಸಂಚಾಲಕರ ಜೊತೆ ಬರಹದ ಒಪ್ಪಂದ ಮಾಡಿಕೊಳ್ಳಿ: ಕನಿಷ್ಠ ಮೂರು ವರ್ಷ ಮುಚ್ಚುವುದಿಲ್ಲ, ಸಂಬಳಕ್ಕೆ ಬಂದ ಹಣ ಸಂಬಳಕ್ಕೆ ಮಾತ್ರ.

ವಿದೇಶದ ಹಣದಲ್ಲಿ ಎಡವುವುದು ಇಲ್ಲಿ: ಭಾರತದ ಪಾಸ್‌ಪೋರ್ಟ್ ಇರುವ ಗಲ್ಫ್‌ನವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾ, ಅಮೆರಿಕದ ಪೌರತ್ವ ಪಡೆದವರದ್ದು ವಿದೇಶಿ ದೇಣಿಗೆಯೇ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅಷ್ಟೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ನೋಂದಣಿ ಇಲ್ಲದ ಖಾತೆಗೆ ಹಾಕಿಸಿಕೊಂಡರೆ ಕೇಸು ಆಗುತ್ತದೆ.

ಹಳೆವಿದ್ಯಾರ್ಥಿ_ದಕ್ಷಿಣಕನ್ನಡ:
ತುಂಬಾ ಉಪಕಾರ. ಶಾಲೆಯ ಮಾಡು (ಛಾವಣಿ) ಎರಡು ಕಡೆ ಸೋರುತ್ತಿದೆ, ಅದನ್ನೂ ಮುಂದೆ ಹಾಕುವುದಾ? ಬಸ್ಸಿನ ಬೇಡಿಕೆಯೂ ಇದೆ.

ಮುರಕಲ್ಲು:
ಮಾಡು ಮುಂದೆ ಹಾಕಬೇಡಿ. ಮಾನ್ಯತೆ ನವೀಕರಣಕ್ಕೆ ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆ ಎರಡರ ಪ್ರಮಾಣಪತ್ರವೂ ಬೇಕು. ಆದರೆ ಹಂಚು ತೆಗೆದು ಶೀಟು ಹಾಕಿಸಲು ಓಡಬೇಡಿ, ಮಳೆ ಬಂದರೆ ಆ ಸದ್ದಿಗೆ ಪಾಠವೇ ಕೇಳುವುದಿಲ್ಲ. ಸೋರುವ ಜಾಗದ ಹಂಚು ಸರಿಸಿ, ಪಕಾಸು (ಮಾಡಿನ ಇಳಿಜಾರು ಮರ) ಗೋಡೆಯ ಮೇಲೆ ಕೂರುವ ತುದಿಗೆ ಚೂರಿ ಚುಚ್ಚಿ ನೋಡಿ. ಮರ ಹಿಟ್ಟಾಗುವುದು ಅಲ್ಲೇ ಮೊದಲು. ಚೂರಿ ಸಲೀಸಾಗಿ ಇಳಿದ ಪಕಾಸು ಮಾತ್ರ ಬದಲಿಸಿ, ಒಡೆದ ಹಂಚು, ಹಂಚಿನ ಕೆಳಗಿನ ರೀಪು ಸರಿಮಾಡಿಸಿ. ಏಪ್ರಿಲ್‌ನಲ್ಲೇ ಮುಗಿಸಿ.

ಬಸ್ಸು ಈಗ ಬೇಡ. ವಿಮೆ, ಎಫ್‌ಸಿ (ವಾಹನದ ಅರ್ಹತಾ ಪತ್ರ), ರಜೆಯಲ್ಲೂ ಡ್ರೈವರ್ ಸಂಬಳ ಸೇರಿದರೆ ಒಬ್ಬ ಟೀಚರ್ ಸಂಬಳವನ್ನು ಅದು ತಿಂದುಬಿಡುತ್ತದೆ. ಊರಿನದ್ದೇ ಒಂದು ವ್ಯಾನ್ ತಿಂಗಳ ಬಾಡಿಗೆಗೆ ಗೊತ್ತು ಮಾಡಿ. ಸಾರಿಗೆ ಕಚೇರಿಯ ಪರವಾನಗಿ, ಎಷ್ಟು ಮಕ್ಕಳನ್ನು ಕೂರಿಸಬಹುದು ಎಂಬುದನ್ನು ನೋಡಿಕೊಂಡೇ ಒಪ್ಪಿಕೊಳ್ಳಿ.