‘ಗುರುತಿಸು’ ಒಂದೇ ಸಾಕೇ? ಕ್ಯಾಮೆರಾ ಮತ್ತು ಬೀಗದ ಕೈಪಿಡಿಗೆ ಪದ ಬೇಕಾಗಿದೆ

ಗೆಳೆಯರೇ,

ಕಟ್ಟಡಕ್ಕೆ ಸಿಸಿ ಕ್ಯಾಮೆರಾ ಹಾಕಿಸುವವರಿಗೆ, ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲು ಕೂರಿಸುವವರಿಗೆ ಅಂತ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ವಸ್ತುಗಳ ಹೆಸರಿನಿಂದ ಏನೂ ತೊಂದರೆಯಿಲ್ಲ. ಕ್ಯಾಮೆರಾ, ಲೆನ್ಸ್, ಕೇಬಲ್, ರೀಡರ್, ಹಾರ್ಡ್ ಡಿಸ್ಕ್ ಎಲ್ಲರ ಬಾಯಲ್ಲೂ ಇವೆ. ಅವನ್ನು ಬದಲಿಸುವ ಆಸೆ ನನಗಿಲ್ಲ. ತೊಡಕು ಇರುವುದು ಕ್ರಿಯಾಪದಗಳಲ್ಲಿ. ಅದರಲ್ಲೂ ‘ಗುರುತಿಸು’ ಎಂಬ ಪದದಲ್ಲಿ.

ಕ್ಯಾಮೆರಾದ ಜೊತೆ ಬರುವ ಹಾಳೆಯಲ್ಲಿ ‘ಇಷ್ಟು ಮೀಟರ್ ದೂರದವರೆಗೆ ವ್ಯಕ್ತಿಯನ್ನು ಗುರುತಿಸುತ್ತದೆ’ ಎಂಬಂಥ ಸಾಲು ಇದ್ದರೆ ಓದುವವರಿಗೆ ಏನನಿಸುತ್ತದೆ? ಅಷ್ಟು ದೂರದಲ್ಲಿ ನಿಂತವರ ಮುಖ ಚೆನ್ನಾಗಿ ಕಾಣುತ್ತದೆ ಅಂತ, ಅಲ್ವಾ? ಆದರೆ ಆ ಅಂಕಿ ‘ಅಲ್ಲಿ ಯಾರೋ ಇದ್ದಾರೆ’ ಎಂದಷ್ಟೇ ತಿಳಿಯುವ ದೂರವೂ ಆಗಿರಬಹುದು. ಎರಡರ ನಡುವೆ ಹತ್ತು ಪಟ್ಟು ಅಂತರವಿದೆ.

ಇದನ್ನು ಅಳೆಯಲು ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ 2014ರ ಆವೃತ್ತಿಯ ಲೆಕ್ಕ ಸರಳ. ಕ್ಯಾಮೆರಾದ ಮುಂದೆ ಒಂದು ಮೀಟರ್ ಅಗಲದ ಜಾಗ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕಿ) ಅಗಲಕ್ಕೆ ಬರುತ್ತದೆ ಎಂದು ನೋಡಬೇಕು. 25 ಬಂದರೆ ಅಲ್ಲಿ ಮನುಷ್ಯರಿದ್ದಾರೆ ಎಂದು ಹೇಳಬಹುದು. 62 ಬಂದರೆ ಎದ್ದುಕಾಣುವ ಬಟ್ಟೆಯಂಥ ವಿವರ ತಿಳಿಯುತ್ತದೆ. 125 ಇದ್ದರೆ, ಮೊದಲೇ ನೋಡಿದವರಾದರೆ ಇವರು ಅವರೇ ಎನ್ನಬಹುದು. ಎಂದೂ ನೋಡದ ವ್ಯಕ್ತಿಯನ್ನು ಅನುಮಾನವಿಲ್ಲದಂತೆ ಇಂಥವರು ಎಂದು ನಿರ್ಧರಿಸಲು 250 ಬೇಕು. ಇದರ ಕೆಳಗೂ ಮೇಲೂ ಒಂದೊಂದು ಹಂತ ಇದೆ. ಮನೆ, ಕಚೇರಿಯ ಕೆಲಸಕ್ಕೆ ಈ ನಾಲ್ಕೇ ಮುಖ್ಯ.

ಈಗ ಇದನ್ನೇ ಅಗಲಕ್ಕೆ ತಿರುಗಿಸಿ ನೋಡಿ. 1080ಪಿ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಮೀಟರಿಗೆ 250 ಬೇಕೆಂದರೆ ಅದು ನೋಡುವ ಜಾಗ ಸುಮಾರು ಏಳೂವರೆ ಮೀಟರ್ ಅಗಲ ದಾಟಬಾರದು. 125 ಸಾಕೆಂದರೆ ಸುಮಾರು 15 ಮೀಟರ್. 25 ಸಾಕೆಂದರೆ 76 ಮೀಟರ್ ಅಗಲದ ಅಂಗಳ! 4ಕೆ ಕ್ಯಾಮೆರಾ ತಂದರೂ ಈ ಅಂಕಿಗಳು ಎರಡು ಪಟ್ಟಾಗುತ್ತವೆ, ಅಷ್ಟೇ. ಗೇಟಿನಲ್ಲಿ ಬಂದವರ ಮುಖವೂ ಬೇಕು, ಇಡೀ ಅಂಗಳವೂ ಕಾಣಬೇಕು ಅಂತ ಒಂದೇ ಕ್ಯಾಮೆರಾ ಹಾಕಿಸಿದರೆ ಸಾಮಾನ್ಯವಾಗಿ ಮುಖ ಕೈಬಿಟ್ಟುಹೋಗುತ್ತದೆ. ಕಳುವಾದ ಮೇಲೆ ವಿಡಿಯೊ ತೆರೆದಾಗಲೇ ಅದು ಗೊತ್ತಾಗುವುದು. (ಪಿಕ್ಸೆಲ್ ಒಂದೇ ಸಾಲದು, ಅದೂ ನಿಜ. ಕ್ಯಾಮೆರಾವನ್ನು ತೀರಾ ಎತ್ತರಕ್ಕೆ ಹಾಕಿದರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಬಂದವರ ಹಿಂದೆ ಜೋರು ಬಿಸಿಲಿದ್ದರೆ ಮುಖ ಕಪ್ಪಾಗುತ್ತದೆ.)

ಹಾಗಾಗಿ ಈ ನಾಲ್ಕು ಹಂತಕ್ಕೆ ನಾಲ್ಕು ಬೇರೆ ಬೇರೆ ಪದ ಬೇಕು. ಕೊನೆಯ ಎರಡಕ್ಕೂ ಸಲೀಸಾಗಿ ಬಾಯಿಗೆ ಬರುವುದು ‘ಗುರುತಿಸು’. ಆದರೆ ನಮ್ಮ ಮಾತಿನಲ್ಲಿ ಇವೆರಡಕ್ಕೂ ವ್ಯತ್ಯಾಸ ಆಗಲೇ ಇದೆ ಅಂತ ನನಗೆ ಅನಿಸುತ್ತದೆ. ‘ನನ್ನ ಗುರುತು ಸಿಕ್ತಾ?’ ಎಂದು ಕೇಳುವುದು ಹಿಂದೆ ಭೇಟಿಯಾದವರನ್ನು ಮಾತ್ರ. ಹೊಸಬರನ್ನು ಯಾರೂ ಹಾಗೆ ಕೇಳುವುದಿಲ್ಲ. ‘ದನಿಯಿಂದಲೇ ಗುರುತು ಹಿಡಿದೆ’ ಎನ್ನುವಾಗಲೂ ಪರಿಚಯ ಮೊದಲೇ ಇರುತ್ತದೆ. ಅದೇ ಪತ್ರಿಕೆಯಲ್ಲಿ ‘ಮೃತರ ಗುರುತು ಪತ್ತೆಯಾಗಿಲ್ಲ’ ಎಂದು ಬಂದರೆ ಪರಿಚಯದ ಮಾತೇ ಅಲ್ಲಿಲ್ಲ. ಅವರು ಯಾರು ಎಂಬುದು ಖಚಿತವಾಗಿಲ್ಲ ಎಂದರ್ಥ. ಆದ್ದರಿಂದ 125ಕ್ಕೆ ‘ಗುರುತು ಹಿಡಿಯುವ ಮಟ್ಟ’, 250ಕ್ಕೆ ‘ಗುರುತು ಪತ್ತೆಯ ಮಟ್ಟ’ ಎಂದು ಬರೆದಿದ್ದೇನೆ. ಬರೀ ‘ಗುರುತಿಸು’ ಎಂಬುದನ್ನು ಕೈಪಿಡಿಯಲ್ಲಿ ಎಲ್ಲೂ ಬಳಸಿಲ್ಲ.

ಆದರೆ ಇಲ್ಲೊಂದು ಸಿಕ್ಕು ಬಂತು. ಮೊದಲ ಹಂತಕ್ಕೂ, ಅಂದರೆ ಬರೀ ‘ಯಾರೋ ಇದ್ದಾರೆ’ ಎಂಬುದಕ್ಕೂ ‘ಪತ್ತೆ’ ಎನ್ನುವುದೇ ರೂಢಿ. ಚಲನೆ ಪತ್ತೆ, ವ್ಯಕ್ತಿ ಪತ್ತೆ ಅಂತೆಲ್ಲ ಬರೆಯುತ್ತೇವೆ. ಅಲ್ಲಿಗೆ ಅತಿ ಕೆಳಗಿನ 25ಕ್ಕೂ ಮೇಲಿನ 250ಕ್ಕೂ ಒಂದೇ ಪದ ಸೇರಿಬಿಟ್ಟಿತು. ಇದಕ್ಕಿಂತ ಕೆಟ್ಟ ಗೊಂದಲ ಬೇರೆ ಇಲ್ಲ.

ಮೊದಲ ಹಂತಕ್ಕೆ ‘ಸುಳಿವು’ ಆಗಬಹುದೇ? ‘ಆ ಕಡೆ ಯಾರೂ ಸುಳಿಯಲಿಲ್ಲ’ ಎನ್ನುತ್ತೇವಲ್ಲ, ಆ ‘ಸುಳಿ’ಯಲ್ಲೇ ಓಡಾಟದ ಅರ್ಥವಿದೆ. ಸುಳಿದದ್ದು ಮನುಷ್ಯನೋ, ಬೆಕ್ಕೋ, ಗಾಳಿಗೆ ಅಲ್ಲಾಡಿದ ಕೊಂಬೆಯೋ ಎಂಬುದನ್ನು ಪದ ಹೇಳುವುದಿಲ್ಲ. ಬರೀ ಚಿತ್ರದ ಬದಲಾವಣೆ ನೋಡಿ ಎಚ್ಚರಿಸುವ ಕ್ಯಾಮೆರಾದ ಕೆಲಸವೂ ಅಷ್ಟೇ. ರಾತ್ರಿ ಇನ್‌ಫ್ರಾರೆಡ್ ದೀಪದ ಮುಂದೆ ಒಂದು ಹುಳ ಹಾರಿದರೂ ಅದು ಎಚ್ಚರಿಕೆ ಕಳಿಸಬಹುದು. ‘ಪತ್ತೆ’ ಎಂದರೆ ಹುಡುಕಿ ಕೈಗೆ ಸಿಕ್ಕ ಹಾಗೆ ಕೇಳಿಸುತ್ತದೆ. ‘ಸುಳಿವು’ ಅಷ್ಟು ದೊಡ್ಡ ಮಾತಾಡುವುದಿಲ್ಲ. ಒಂದೇ ಅಡ್ಡಿಯೆಂದರೆ, ಇವತ್ತು ಹೆಚ್ಚಿನವರಿಗೆ ಸುಳಿವು ಎಂದರೆ ತನಿಖೆಯಲ್ಲಿ ಸಿಗುವ ಸಾಕ್ಷಿಯ ಎಳೆ. ಆ ಅರ್ಥ ಅಡ್ಡ ಬರುತ್ತದೆಯೇ? ನನಗೇನೋ ಅಷ್ಟಾಗಿ ಬರುವುದಿಲ್ಲ ಎನಿಸುತ್ತದೆ.

62ರ ಹಂತಕ್ಕೆ ಮಾತ್ರ ಸರಿಯಾದ ಪದ ಹೊಳೆದಿಲ್ಲ. ‘ಗಮನಿಸು’ ಎಂದು ಹಾಕಬಹುದು, ಆದರೆ ಗಮನಿಸುವುದು ಪರದೆಯ ಮುಂದೆ ಕೂತ ಮನುಷ್ಯ. ನನಗೆ ಬೇಕಿರುವುದು ಚಿತ್ರದ ಗುಣಕ್ಕೆ ಹೆಸರು. ‘ಚಹರೆ’ ಹತ್ತಿರ ಬರುತ್ತದೆ. ಕಾಣೆಯಾದವರ ಪ್ರಕಟಣೆಯಲ್ಲಿ ಎತ್ತರ, ಮೈಕಟ್ಟು, ತೊಟ್ಟ ಬಟ್ಟೆ ಎಲ್ಲ ‘ಚಹರೆ’ಯ ಕೆಳಗೇ ಬರುತ್ತವೆ. ಆದರೆ ಚಹರೆ ಎಂದರೆ ಮುಖ ಎಂದು ತಿಳಿಯುವವರೇ ಜಾಸ್ತಿ. ಈ ಹಂತದಲ್ಲಿ ಸರಿಯಾಗಿ ಕಾಣದಿರುವುದೇ ಮುಖ!

ಇನ್ನು ಬೀಗದ ವಿಷಯ. ಇಲ್ಲಿ ಪದ ತಪ್ಪಿದರೆ ಜೀವಕ್ಕೇ ಅಪಾಯ. ವಿದ್ಯುತ್ ಬೀಗಗಳಲ್ಲಿ ಫೇಲ್ ಸೇಫ್, ಫೇಲ್ ಸೆಕ್ಯೂರ್ ಎಂಬ ಎರಡು ಬಗೆ. ಮೊದಲನೆಯದು ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ. ಎರಡನೆಯದು ಕರೆಂಟ್ ಹೋದರೂ ಬಿಗಿಯಾಗೇ ಇರುತ್ತದೆ. ಇವನ್ನು ‘ವಿಫಲ-ಸುರಕ್ಷಿತ’, ‘ವಿಫಲ-ಭದ್ರ’ ಎಂದು ಕನ್ನಡಿಸಿದರೆ ಯಾವುದು ಯಾವುದೆಂದು ಓದುವವರಿಗೆ ಹೇಗೆ ತಿಳಿಯಬೇಕು? ಸುರಕ್ಷಿತ, ಭದ್ರ ಎರಡೂ ಕಿವಿಗೆ ಹೆಚ್ಚು ಕಡಿಮೆ ಒಂದೇ. ಬೆಂಕಿ ಬಿದ್ದಾಗ ಜನ ಹೊರಗೆ ಓಡಬೇಕಾದ ಬಾಗಿಲಿಗೆ ತಪ್ಪು ಬೀಗ ಬಂದರೆ ಒಳಗಿದ್ದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಮ್ಯಾಗ್ನೆಟ್ ಬೀಗ ಯಾವಾಗಲೂ ಮೊದಲ ಬಗೆ, ಏಕೆಂದರೆ ಕರೆಂಟ್ ಇಲ್ಲದೆ ಅದಕ್ಕೆ ಹಿಡಿತವೇ ಇಲ್ಲ. ಬೀಗದ ನಾಲಿಗೆಯನ್ನು ಹಿಡಿದಿಡಲು ಚೌಕಟ್ಟಿಗೆ ಕೂರಿಸುವ ಸ್ಟ್ರೈಕ್ ಎರಡೂ ಬಗೆಯಲ್ಲಿ ಸಿಗುತ್ತದೆ, ಹಾಗಾಗಿ ಕೊಳ್ಳುವಾಗ ಕೇಳಲೇಬೇಕು. ಎರಡನೆಯ ಬಗೆಯಲ್ಲೂ ಒಳಗಿನ ಹಿಡಿಕೆ ತಿರುಗಿಸಿದರೆ ಕರೆಂಟಿನ ಹಂಗಿಲ್ಲದೆ ಬಾಗಿಲು ತೆರೆಯುವಂತಿರಬೇಕು. ಅದು ಬಿಗಿಯಾಗಿರಬೇಕಾದ್ದು ಹೊರಗಿನವರಿಗೆ ಮಾತ್ರ.

ಸದ್ಯಕ್ಕೆ ‘ಕರೆಂಟ್ ಹೋದರೆ ತೆರೆಯುವ ಬೀಗ’, ‘ಕರೆಂಟ್ ಹೋದರೆ ಹೊರಗಿನಿಂದ ತೆರೆಯದ ಬೀಗ’ ಎಂದು ಉದ್ದಕ್ಕೇ ಬರೆದಿದ್ದೇನೆ. ಉದ್ದವಾದರೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಕೋಷ್ಟಕದಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ‘ಬಿಡುಬೀಗ’, ‘ಹಿಡಿಬೀಗ’ ಎಂದು ಕಟ್ಟಿ ನೋಡಿದೆ. ಮೊದಲ ಸಲ ಬಳಸುವಾಗ ಒಂದು ಸಾಲಿನ ವಿವರಣೆ ಕೊಟ್ಟರೆ ನಡೆಯುತ್ತದೆಯೇ, ಅಥವಾ ಕೇಳಲು ತೀರಾ ಹೊಸದಾಯಿತೇ? ‘ಕೀಲಿ’ ಬೇಡ ಎಂದು ಮೊದಲೇ ತೀರ್ಮಾನಿಸಿದೆ. ಕೆಲವು ಕಡೆ ಕೀಲಿ ಎಂದರೆ ಬೀಗ, ಕೆಲವು ಕಡೆ ಬೀಗದ ಕೈ.

ಉಳಿದವು ಸಣ್ಣವು. ‘ಪ್ರವೇಶ ನಿಯಂತ್ರಣ’ ರೂಢಿಯಲ್ಲಿದೆ, ಹಾಗೇ ಇಟ್ಟಿದ್ದೇನೆ. ಕಾರ್ಡ್ ತೋರಿಸಿದವರ ಬೆನ್ನಿಗೇ ಕಾರ್ಡ್ ಇಲ್ಲದವರು ಒಳಬರುವುದಕ್ಕೆ ‘ಹಿಂದೆಯೇ ನುಸುಳುವುದು’ ಚೆನ್ನಾಗಿ ಒಪ್ಪುತ್ತದೆ.

ನನಗೆ ಬೇಕಿರುವ ಸಹಾಯ ಇಷ್ಟು. 62ರ ಹಂತಕ್ಕೆ ಒಂದು ಪದ. ‘ಸುಳಿವು’ ಬಗ್ಗೆ ನಿಮ್ಮ ಒಪ್ಪಿಗೆ ಅಥವಾ ತಕರಾರು. ಮತ್ತು ಕ್ಯಾಮೆರಾ, ಬೀಗ ಕೂರಿಸುವ ಕೆಲಸ ಮಾಡುವವರು ಇಲ್ಲಿದ್ದರೆ, ಆ ಎರಡು ಬಗೆಯ ಬೀಗಕ್ಕೆ ನಿಮ್ಮ ನಿಮ್ಮಲ್ಲಿ ಏನಂತೀರಿ ಎಂದು ತಿಳಿಸಿ. ಪದದ ಜೊತೆ ಅದನ್ನು ಬಳಸಿದ ಒಂದು ವಾಕ್ಯವನ್ನೂ ಬರೆದರೆ ಉಪಕಾರವಾಗುತ್ತದೆ.