53131ಎ ಕೌಂಟರಿನಲ್ಲಿ ರುಬಿಡಿಯಂನ 10 ಮೆಗಾಹರ್ಟ್ಸ್ ಸರಿ ಬರುತ್ತಿಲ್ಲ, ಮೋಸ ಹೋದೆನೇ?

ನಂದಿತಪ್ಪಲು (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಕೂಡಿಟ್ಟ ಹಣದಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದರಿಂದ ಹಳೆಯ ಎಚ್‌ಪಿ 53131ಎ ಕೌಂಟರನ್ನು (ಆವರ್ತನ ಅಳೆಯುವ ಉಪಕರಣ) ಕೊಂಡೆ; ಆನ್‌ಲೈನಿನಲ್ಲಿ ಎಲ್‌ಪಿಆರ್‌ಒ-101 ರುಬಿಡಿಯಂ ಆಸಿಲೇಟರನ್ನೂ (ರುಬಿಡಿಯಂ ಪರಮಾಣುವಿನ ಆಧಾರದಲ್ಲಿ 10 ಮೆಗಾಹರ್ಟ್ಸ್ ಸಿಗ್ನಲ್ ಕೊಡುವ ಪೆಟ್ಟಿಗೆ) ತರಿಸಿದೆ. ಅದರ 10 ಮೆಗಾಹರ್ಟ್ಸನ್ನು ಕೌಂಟರಿಗೆ ಕೊಟ್ಟರೆ ಬೆಳಗ್ಗೆ ಆರಕ್ಕೆ 10,000,003.8 ಹರ್ಟ್ಸ್ ತೋರಿಸುತ್ತದೆ, ಮಧ್ಯಾಹ್ನ ಎರಡಕ್ಕೆ 10,000,002.1ಕ್ಕೆ ಇಳಿದಿರುತ್ತದೆ. ಬಿಸಿಲೇರಿದಂತೆ ಇಳಿಯುವುದು ಎಂಥ ಪರಮಾಣು ಗಡಿಯಾರ? ರುಬಿಡಿಯಂ ಮಾರಿದವರು ಪರೀಕ್ಷಿಸಿಯೇ ಕಳಿಸಿದ್ದೇವೆ ಎಂದು ಹೇಳಿ ಫೋನಿಡುತ್ತಾರೆ.

ಹವ್ಯಾಸಿ ರೇಡಿಯೊದವರು ಬಳಸುವ ಕ್ಯೂಒ-100 ಉಪಗ್ರಹವನ್ನು ಕೇಳಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಬಳಸುವ ಎಲ್‌ಎನ್‌ಬಿ (ಡಿಶ್ ಆಂಟೆನಾದ ಮುಂದೆ ಕೂರುವ ರಿಸೀವರ್) 25 ಮೆಗಾಹರ್ಟ್ಸನ್ನು 390 ಪಟ್ಟು ಮಾಡಿ 9,750 ಮೆಗಾಹರ್ಟ್ಸಿಗೆ, ಅಂದರೆ 10 ಮೆಗಾಹರ್ಟ್ಸಿನ 975 ಪಟ್ಟಿಗೆ, ಏರಿಸುವುದರಿಂದ ಇಲ್ಲಿನ 3.8 ಹರ್ಟ್ಸ್ ಅಲ್ಲಿ 3.7 ಕಿಲೊಹರ್ಟ್ಸ್ ಆಗುತ್ತದೆ, ಅಂದರೆ ಎಸ್‌ಎಸ್‌ಬಿ (ಕಿರಿದಾದ ಪಟ್ಟಿಯಲ್ಲಿ ಧ್ವನಿ ಕಳಿಸುವ ವಿಧಾನ) ಮಾತುಕತೆ ಇರಬೇಕಾದ ಜಾಗದಲ್ಲಿ ಸಿಗುವುದೇ ಇಲ್ಲ. ರುಬಿಡಿಯಂ ಹಿಂದಿರುಗಿಸಲು ಇನ್ನು ಆರೇ ದಿನ ಉಳಿದಿದೆ.

ಗಣಿಯೂರು (ಕೆಜಿಎಫ್)
ಸರ್, ಇದು ಪವರ್ ಸಪ್ಲೈ ದೋಷವೇ. ಎಲ್‌ಪಿಆರ್‌ಒಗೆ 24 ವೋಲ್ಟ್ ಬೇಕು, ಶುರುವಿನಲ್ಲಿ ಒಂದೂವರೆ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಅಗ್ಗದ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಕೊಟ್ಟಿದ್ದರೆ ಅದರ ರಿಪಲ್ (ವೋಲ್ಟೇಜಿನಲ್ಲಿ ಉಳಿಯುವ ಸಣ್ಣ ಏರಿಳಿತ) ಔಟ್‌ಪುಟ್ಟಿಗೆ ಬಂದೇ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈ ಕಟ್ಟಿ ನೋಡಿ.

ನಂದಿತಪ್ಪಲು
ಹೌದು, ಸಿಸಿಟಿವಿಗೆ ಬಳಸುವಂಥ ಎಸ್‌ಎಂಪಿಎಸ್ ಅದು. ಗೆಳೆಯರಿಂದ ಲೀನಿಯರ್ ಸಪ್ಲೈ ತಂದು ಹಾಕಿದೆ. ಬೆಳಗ್ಗೆ ಮತ್ತೆ ಅದೇ 3.8 ಬಂದಿದೆ.

ಗಣಿಯೂರು
ಹಾಗಾದರೆ ಆ ಲೀನಿಯರ್ ಸಪ್ಲೈಯ ಕೆಪಾಸಿಟರುಗಳು ಒಣಗಿರಬೇಕು. ಆಸಿಲೋಸ್ಕೋಪಿನಲ್ಲಿ ರಿಪಲ್ ಅಳೆದು ಚಿತ್ರ ಹಾಕಿ, ಆಮೇಲೆ ಮಾತಾಡೋಣ.

ಶಿರಾಗೇಟ್ (ತುಮಕೂರು)
ಗಣಿಯೂರು ಅವರೇ, ರಿಪಲ್‌ನಿಂದ ಸಿಗ್ನಲ್ಲಿನ ಅಕ್ಕಪಕ್ಕ ಗದ್ದಲ ಏಳುತ್ತದೆಯೇ ಹೊರತು ಸರಾಸರಿ ಆವರ್ತನ ದಿನವೂ ಒಂದೇ ಹೊತ್ತಿಗೆ ಅಷ್ಟೇ ಅಂತರದಲ್ಲಿ ಸರಿಯುವುದಿಲ್ಲ. ನಂದಿತಪ್ಪಲು ಅವರು ಮುಖ್ಯವಾದ ಎರಡು ಸಂಗತಿಗಳನ್ನು ಬರೆದೇ ಇಲ್ಲ. ರುಬಿಡಿಯಂ ಲಾಕ್ ಆಗಿದೆಯೇ, ಅಂದರೆ ಅದರ ಔಟ್‌ಪುಟ್ ಪರಮಾಣುವಿನ ಆವರ್ತನಕ್ಕೆ ಕಟ್ಟಿಬಿದ್ದಿದೆಯೇ? ಕೌಂಟರಿನೊಳಗಿರುವ ಟೈಮ್‌ಬೇಸ್ (ಎಣಿಕೆಗೆ ಸೆಕೆಂಡನ್ನು ಅಳೆದುಕೊಡುವ ಕ್ರಿಸ್ಟಲ್) ಯಾವುದು?

ನಂದಿತಪ್ಪಲು
ಲಾಕ್ ಸೂಚಿಸುವ ಪಿನ್ ಐದು ನಿಮಿಷದೊಳಗೆ ಕೆಳಕ್ಕೆ ಇಳಿಯುತ್ತದೆ, ಒಳಗಿನ ರುಬಿಡಿಯಂ ದೀಪದ ಸ್ಥಿತಿ ಹೇಳುವ ಲ್ಯಾಂಪ್ ವೋಲ್ಟೇಜ್ 6.9 ಇದೆ. ಕೌಂಟರಿನದು ಅದರೊಳಗೇ ಇರುವ ಮಾಮೂಲಿ ಟೈಮ್‌ಬೇಸ್. ಅದು ಹತ್ತಂಕಿಯ ಕೌಂಟರ್, ಅದರಲ್ಲಿ ತಪ್ಪಿರಲಾರದು ಎಂದುಕೊಂಡು ಬರೆಯಲಿಲ್ಲ.

ಶಿರಾಗೇಟ್
ತೊಡಕಿರುವುದು ಅಲ್ಲೇ. ಹತ್ತಂಕಿ ತೋರಿಸಿದ ಮಾತ್ರಕ್ಕೆ ಹತ್ತೂ ಅಂಕಿ ನಿಜವಲ್ಲ. ನಾನು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಕ್ವಾರ್ಟ್ಜ್ ಗಡಿಯಾರದ 32,768 ಹರ್ಟ್ಸಿನ ಕ್ರಿಸ್ಟಲ್ ಕೂಡ ಬಿಸಿಯೇರಿದಾಗ ಒಂದು ಥರ, ತಣ್ಣಗಾದಾಗ ಇನ್ನೊಂದು ಥರ ನಡೆಯುತ್ತದೆ. ಓವನ್ (ಕ್ರಿಸ್ಟಲನ್ನು ಸದಾ ಒಂದೇ ಬಿಸಿಯಲ್ಲಿಡುವ ಗೂಡು) ಇಲ್ಲದ ಕೌಂಟರಿನ ಕ್ರಿಸ್ಟಲಿಗೂ ಅದೇ ಗುಣ. ಲಾಕ್ ಆದ ರುಬಿಡಿಯಂ ತನ್ನ ಪರಮಾಣುವಿನ 6,834.68 ಮೆಗಾಹರ್ಟ್ಸಿನ ಅನುರಣನಕ್ಕೆ ಕಟ್ಟಿಬಿದ್ದಿರುತ್ತದೆ, ಎಷ್ಟು ಹಳೆಯದಾದರೂ 10 ಮೆಗಾಹರ್ಟ್ಸಿನಲ್ಲಿ 3.8 ಹರ್ಟ್ಸ್ ಹೆಚ್ಚು ಕೊಡಲು ಅದಕ್ಕೆ ಸಾಧ್ಯವಿಲ್ಲ. ನಿಮ್ಮ ಕೌಂಟರಿನ ಕ್ರಿಸ್ಟಲ್ ಹತ್ತು ಕೋಟಿಗೆ 38 ಪಾಲಿನಷ್ಟು ನಿಧಾನವಾಗಿದ್ದರೆ ಅದರ ಒಂದು ಸೆಕೆಂಡು ನಿಜವಾದ ಸೆಕೆಂಡಿಗಿಂತ ಆಚೆ ಚಾಚುತ್ತದೆ, ಆ ಹೆಚ್ಚಿನ ಅವಧಿಯಲ್ಲಿ ಹೆಚ್ಚು ಅಲೆಗಳು ಎಣಿಕೆಗೆ ಸಿಗುತ್ತವೆ.

ಒಂದು ಟೇಬಲ್ ಫ್ಯಾನ್ ತಂದು ಹತ್ತು ನಿಮಿಷ ರುಬಿಡಿಯಂ ಕಡೆಗೆ, ಹತ್ತು ನಿಮಿಷ ಕೌಂಟರಿನ ಕಿಂಡಿಯ ಕಡೆಗೆ ತಿರುಗಿಸಿ ನೋಡಿ.

ದೂರದ ಅಲೆ (ಗೌರಿಬಿದನೂರು)
ನನ್ನ ಬಳಿ ಎಚ್‌ಪಿ 5370ಬಿ ಕೌಂಟರ್ ಇದೆ, 20 ಪಿಕೊಸೆಕೆಂಡಿನ ಅಂತರವನ್ನೂ ಒಂದೇ ಏಟಿಗೆ ಅಳೆಯುತ್ತದೆ. ಹಳೆಯ ಟ್ರಿಂಬಲ್ ಥಂಡರ್‌ಬೋಲ್ಟ್ ಎಂಬ ಜಿಪಿಎಸ್‌ಡಿಒದಿಂದ (ಜಿಪಿಎಸ್ ಸಮಯಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಆಸಿಲೇಟರ್) ಅದಕ್ಕೆ ರೆಫರೆನ್ಸ್, ಅಂದರೆ ಹೋಲಿಕೆಗೆ ಬೇಕಾದ 10 ಮೆಗಾಹರ್ಟ್ಸ್, ಕೊಡುತ್ತೇನೆ. ರುಬಿಡಿಯಂ ಬದಲು ಜಿಪಿಎಸ್‌ಡಿಒ ಕೊಳ್ಳಬೇಕಿತ್ತು.

ಗಣಿಯೂರು
2017ರ ಜುಲೈ 30ರಿಂದ ಥಂಡರ್‌ಬೋಲ್ಟ್ ತಪ್ಪು ದಿನಾಂಕ ತೋರಿಸುತ್ತಿದೆ. ದಿನಾಂಕವೇ ತಪ್ಪಿರುವ ಗಡಿಯಾರವನ್ನು ಹೊಸಬರಿಗೆ ಹೇಳಬೇಡಿ.

ದೂರದ ಅಲೆ
ದಿನಾಂಕ 1,024 ವಾರ ಹಿಂದಕ್ಕೆ ಹೋಗಿರುವುದು ನಿಜ. ಆದರೆ ಅದರ 10 ಮೆಗಾಹರ್ಟ್ಸ್ ಮತ್ತು ಸೆಕೆಂಡಿನ ಪಲ್ಸ್ ಸ್ವಲ್ಪವೂ ಕೆಟ್ಟಿಲ್ಲ. ಆವರ್ತನ ಅಳೆಯುವವರಿಗೆ ಪಂಚಾಂಗ ಯಾಕೆ ಬೇಕು?

ನಂದಿತಪ್ಪಲು
ಶಿರಾಗೇಟ್ ಸರ್, ನೀವು ಹೇಳಿದಂತೆಯೇ ಆಯಿತು. ಫ್ಯಾನನ್ನು ರುಬಿಡಿಯಂ ಕಡೆಗೆ ತಿರುಗಿಸಿದಾಗ ಅಂಕಿ ಅಲುಗಲಿಲ್ಲ. ಕೌಂಟರಿನ ಕಿಂಡಿಗೆ ಹಿಡಿದ ಎರಡೇ ನಿಮಿಷದಲ್ಲಿ 2.4 ಇದ್ದದ್ದು 2.7, 2.9 ಎಂದು ಏರತೊಡಗಿತು, ಫ್ಯಾನ್ ನಿಲ್ಲಿಸಿದ ಮೇಲೆ ಮೆಲ್ಲಗೆ ಹಿಂದಕ್ಕೆ ಬಂತು. ಮುಚ್ಚಳ ಬಿಚ್ಚಿದರೆ ಓವನ್ ಬೋರ್ಡ್ ಕೂರಬೇಕಾದ ಜಾಗ ಖಾಲಿಯಾಗಿದೆ. ಅಂಗಡಿಯವರು "ಹೈ ಸ್ಟೆಬಿಲಿಟಿ ಪೀಸ್" ಎಂದು ಹೇಳಿಯೇ ಹೆಚ್ಚು ಹಣ ತೆಗೆದುಕೊಂಡಿದ್ದರು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ರುಬಿಡಿಯಂ ಔಟ್‌ಪುಟ್ಟನ್ನು ಟಿ ಕನೆಕ್ಟರಿನಿಂದ ಸೀಳಿ ಹಿಂಬದಿಯ ರೆಫರೆನ್ಸ್ ಇನ್‌ಪುಟ್ಟಿಗೂ ಒಂದನೇ ಚಾನೆಲ್ಲಿಗೂ ಕೊಟ್ಟೆ. ಈಗ 10,000,000.000 ಹರ್ಟ್ಸ್ ಕದಲದೆ ನಿಂತಿದೆ. ಅಂದರೆ ರುಬಿಡಿಯಂ ಸರಿಯಾಗಿದೆ ಎಂದಾಯಿತಲ್ಲವೇ?

ಶಿರಾಗೇಟ್
ಇಲ್ಲ, ಅದನ್ನು ನಂಬಬೇಡಿ. ಅಲ್ಲಿ ರುಬಿಡಿಯಂ ತನ್ನನ್ನು ತಾನೇ ಅಳೆದುಕೊಳ್ಳುತ್ತಿದೆ. ಅದು 50 ಹರ್ಟ್ಸ್ ಆಚೆ ಹೋದರೂ ನಿಮಗೆ ಸೊನ್ನೆಗಳೇ ಕಾಣುತ್ತವೆ. ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಸಾಕ್ಷಿ ಬೇಕು, ಅದು ಜಿಪಿಎಸ್. ರೆಫರೆನ್ಸಿಗೆ ರುಬಿಡಿಯಂ ಹಾಗೆಯೇ ಇರಲಿ. ಒಂದನೇ ಚಾನೆಲ್ಲಿಗೆ ಜಿಪಿಎಸ್ ಮಾಡ್ಯೂಲಿನ ಸೆಕೆಂಡಿನ ಪಲ್ಸ್, ಎರಡನೆಯದಕ್ಕೆ ರುಬಿಡಿಯಂನ 10 ಮೆಗಾಹರ್ಟ್ಸ್ ಕೊಟ್ಟು ಟೈಮ್ ಇಂಟರ್‌ವಲ್ ಅಳೆಯಿರಿ. ಸೆಕೆಂಡಿಗೊಮ್ಮೆ ಬರುವ ಪಲ್ಸಿಗೆ ಆಟೋ ಟ್ರಿಗರ್ ಹೊಂದುವುದಿಲ್ಲ, ಆದ್ದರಿಂದ ಮಟ್ಟವನ್ನು ಕೈಯಿಂದಲೇ 1.5 ವೋಲ್ಟಿಗೆ ಇಡಿ. 10 ಮೆಗಾಹರ್ಟ್ಸಿನ ಒಂದು ಅಲೆಗೆ 100 ನ್ಯಾನೊಸೆಕೆಂಡು ಹಿಡಿಯುವುದರಿಂದ ಓದು 0ರಿಂದ 100 ನ್ಯಾನೊಸೆಕೆಂಡಿನೊಳಗೆ ಇರುತ್ತದೆ. ಜಿಪಿಎಸ್ ಪಲ್ಸ್ ಹತ್ತಾರು ನ್ಯಾನೊಸೆಕೆಂಡು ನಡುಗುವುದರಿಂದ ಒಂದೊಂದು ಓದನ್ನು ನೆಚ್ಚದೆ ಸರಾಸರಿ ಯಾವ ಕಡೆಗೆ ತೆವಳುತ್ತದೆ ಎಂದು ಗಮನಿಸಿ. 100 ನ್ಯಾನೊಸೆಕೆಂಡಿನ ಒಂದು ಸುತ್ತು ಮುಗಿಯಲು 100 ಸೆಕೆಂಡು ಹಿಡಿದರೆ ನೂರು ಕೋಟಿಗೆ ಒಂದು ಪಾಲು ತಪ್ಪು, 1,000 ಸೆಕೆಂಡು ಹಿಡಿದರೆ ಅದರ ಹತ್ತನೇ ಒಂದು.

ಇದನ್ನು ಓದುತ್ತಿರುವ ಉಳಿದವರಿಗೂ ಹೇಳುತ್ತೇನೆ: 53131ಎ ಕೊಳ್ಳುವ ಮುನ್ನ 010 ಆಪ್ಷನ್ (ಓವನ್ ಬೋರ್ಡ್) ಇದೆಯೇ ಎಂದು ಕೇಳಿ, ಇದೆ ಎಂದರೆ ಮುಚ್ಚಳ ಬಿಚ್ಚಿದ ಫೋಟೊ ತರಿಸಿಕೊಂಡು ಆಮೇಲೆ ಹಣ ಕೊಡಿ.

ನಂದಿತಪ್ಪಲು
ಆಂಟೆನಾವನ್ನು ತಾರಸಿಯ ಮೇಲಿಟ್ಟು ರಾತ್ರಿಯೆಲ್ಲ ಓಡಿಸಿದೆ. ಒಂದು ಸುತ್ತಿಗೆ ಸುಮಾರು 2,400 ಸೆಕೆಂಡು, ಅಂದರೆ ನಲವತ್ತು ನಿಮಿಷ ಹಿಡಿಯುತ್ತಿದೆ. 10 ಮೆಗಾಹರ್ಟ್ಸಿನಲ್ಲಿ ಅದು 0.0004 ಹರ್ಟ್ಸ್, ಎಲ್‌ಎನ್‌ಬಿಯ 9,750 ಮೆಗಾಹರ್ಟ್ಸಿನಲ್ಲೂ ಅರ್ಧ ಹರ್ಟ್ಸಿಗಿಂತ ಕಡಿಮೆ. ರುಬಿಡಿಯಂ ಹಿಂದಿರುಗಿಸುವುದಿಲ್ಲ. ಮಾರಿದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಕೌಂಟರಿಗೆ ಓವನ್ ಬೋರ್ಡ್ ಹುಡುಕಬೇಕೇ?

ಶಿರಾಗೇಟ್
ರುಬಿಡಿಯಂ ಜೊತೆಗಿರುವವರೆಗೆ ಬೇಡ. ಆ ಹಣದಲ್ಲಿ ಒಳ್ಳೆಯ ಹೀಟ್‌ಸಿಂಕ್ ಮತ್ತು ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ (ಒಂದೇ ಸಿಗ್ನಲನ್ನು ಹಲವು ಕಡೆಗೆ ಹಂಚುವ ಸರ್ಕ್ಯೂಟ್) ಮಾಡಿಕೊಳ್ಳಿ. ಟಿ ಕನೆಕ್ಟರಿನಿಂದ ಸೀಳುವುದು ಒಳ್ಳೆಯದಲ್ಲ.

ಗಣಿಯೂರು
ರಿಪಲ್ ಅಳೆದಿರಾ?

ನಂದಿತಪ್ಪಲು
ಇನ್ನೂ ಇಲ್ಲ ಸರ್. ಎಲ್‌ಎನ್‌ಬಿ 390 ಪಟ್ಟು ಮಾಡುವಾಗ ಆ ಗದ್ದಲವೂ ಹೆಚ್ಚುತ್ತದೆ, ಹಾಗಾಗಿ ನಿಮ್ಮ ಮಾತನ್ನು ಬಿಟ್ಟುಬಿಡುವುದಿಲ್ಲ. ಗೆಳೆಯರ ಆಸಿಲೋಸ್ಕೋಪ್ ಭಾನುವಾರ ಸಿಗುತ್ತದೆ, ಎರಡೂ ಸಪ್ಲೈಗಳ ಚಿತ್ರ ಹಾಕುತ್ತೇನೆ.