ಇಂಗ್ಲೆಂಡಿನ ಅಂತರ್ಯುದ್ಧ: ರೂಪರ್ಟ್‌ನ ಅಶ್ವದಳ ಕೈಸೋತಲ್ಲಿ ಕ್ರಾಮ್‌ವೆಲ್‌ನ ಅಶ್ವದಳ ಗೆದ್ದದ್ದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದೊರೆ ಮೊದಲನೆಯ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡುವೆ 1642ರಲ್ಲಿ ಆರಂಭವಾದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಒಂದು ಸಂಗತಿ ಮಾತ್ರ ಬಗೆಹರಿಯುತ್ತಿಲ್ಲ. ದೊರೆಯ ಅಶ್ವದಳದ ನಾಯಕ ರೂಪರ್ಟ್ ಚಾರ್ಲ್ಸ್‌ನ ಅಕ್ಕನ ಮಗ. ಹದಿಹರೆಯದಲ್ಲೇ ಯುರೋಪಿನ ರಣರಂಗಗಳನ್ನು ಕಂಡವನು. ಆಲಿವರ್ ಕ್ರಾಮ್‌ವೆಲ್ ಆದರೋ ಕೇಂಬ್ರಿಜ್‌ನಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದ, 43 ವರ್ಷದವರೆಗೂ ಯುದ್ಧವನ್ನೇ ಕಾಣದಿದ್ದ ಗ್ರಾಮಾಂತರದ ಜಮೀನುದಾರ. ಮೊದಮೊದಲು ದೊರೆಯ ಸವಾರರೇ ಮೇಲುಗೈ ಪಡೆದಿದ್ದರೂ 1644ರ ಮಾರ್ಸ್ಟನ್ ಮೂರ್ ಮತ್ತು 1645ರ ನೇಸ್‌ಬಿ ಕದನಗಳಲ್ಲಿ ಕ್ರಾಮ್‌ವೆಲ್‌ನ ಸವಾರರೇ ಫಲಿತಾಂಶವನ್ನು ನಿರ್ಧರಿಸಿದರು. ಇದಕ್ಕೆ ಕಾರಣ ಒಳ್ಳೆಯ ಕುದುರೆಗಳೇ, ಆಯುಧಗಳೇ, ತರಬೇತಿಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಆಯುಧಗಳನ್ನು ಮೊದಲೇ ಬದಿಗಿಡಬಹುದು, ಏಕೆಂದರೆ ಎರಡೂ ಕಡೆಯ ಸವಾರನ ಸಜ್ಜು ಹೆಚ್ಚುಕಡಿಮೆ ಒಂದೇ ಆಗಿತ್ತು: ದಪ್ಪ ತೊಗಲಿನ ಅಂಗಿ, ಅನುಕೂಲವಿದ್ದರೆ ಎದೆಗೂ ಬೆನ್ನಿಗೂ ಕಬ್ಬಿಣದ ಕವಚ, ಶಿರಸ್ತ್ರಾಣ, ಜೀನಿನ ಮುಂಭಾಗದ ಚೀಲಗಳಲ್ಲಿ ಒಂದು ಜೊತೆ ಪಿಸ್ತೂಲು, ಸೊಂಟದಲ್ಲಿ ಕತ್ತಿ. ಆಗಿನ ಪಿಸ್ತೂಲು ಒಮ್ಮೆ ಹಾರಿಸಿದರೆ ಮುಗಿಯಿತು. ಕುಣಿಯುವ ಕುದುರೆಯ ಮೇಲೆ ಕುಳಿತು ನಳಿಗೆಗೆ ಮದ್ದು ಸುರಿದು, ಗುಂಡನ್ನು ಗಜದಿಂದ ಜಡಿದು, ಚಕ್ರವಿರುವ ಪಿಸ್ತೂಲಾದರೆ ಅದನ್ನು ಕೀಲಿಕೈಯಿಂದ ತಿರುಚಿ ಮತ್ತೆ ಸಿದ್ಧಗೊಳಿಸುವಷ್ಟು ಬಿಡುವನ್ನು ಎದುರಾಳಿ ಕೊಡುವುದಿಲ್ಲ. ಅದೂ ಕೆಲವೇ ಹೆಜ್ಜೆ ದೂರದಿಂದ ಹೊಡೆದರಷ್ಟೇ ನಾಟುತ್ತಿತ್ತು.

ಹೀಗಿರುವಾಗ ಗುಂಡಿಗೆ ಮೊದಲ ಸ್ಥಾನವೋ ಕತ್ತಿಗೋ ಎಂಬುದೇ ಆ ಕಾಲದ ದೊಡ್ಡ ಚರ್ಚೆಯಾಗಿತ್ತು. ಹಳೆಯ ಡಚ್ ಪದ್ಧತಿಯಲ್ಲಿ ಸವಾರರು ಐದಾರು ಸಾಲುಗಳಲ್ಲಿ ನಿಂತು, ಶತ್ರು ಹತ್ತಿರ ಬಂದಾಗ ಗುಂಡು ಹಾರಿಸಿ, ಆಮೇಲೆ ಕತ್ತಿ ಹಿಡಿಯುತ್ತಿದ್ದರು. ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ಬೆಳೆಸಿದ ಪದ್ಧತಿಯಲ್ಲಿ ಸಾಲುಗಳು ಮೂರೇ. ಒಬ್ಬನ ಮೊಣಕಾಲು ಪಕ್ಕದವನ ಮೊಣಕಾಲಿನ ಹಿಂದೆ ಸಿಕ್ಕುವಷ್ಟು ಒತ್ತಾಗಿ ಸಾಗಿ, ಕತ್ತಿ ಹಿರಿದು ನೇರವಾಗಿ ಎರಗಬೇಕು. ರೂಪರ್ಟ್ ಅನುಸರಿಸಿದ್ದು ಇದನ್ನೇ. 1642ರ ಅಕ್ಟೋಬರ್ 23ರಂದು ಎಜ್‌ಹಿಲ್‌ನಲ್ಲಿ ಅವನು ಸಾಲುಗಳ ನಡುವೆ ಓಡಾಡಿ, ಶತ್ರುವಿನ ಗುಂಡನ್ನು ಸಹಿಸಿಕೊಳ್ಳಿ, ಅವರ ಸಾಲನ್ನು ಒಡೆದು ಒಳಹೊಕ್ಕ ಮೇಲಷ್ಟೇ ನಿಮ್ಮ ಪಿಸ್ತೂಲು ಹಾರಿಸಿ ಎಂದು ಕಟ್ಟಪ್ಪಣೆ ಮಾಡಿದ್ದನು. ನಿಂತಲ್ಲೇ ಗುಂಡು ಹಾರಿಸಿದ ಪಾರ್ಲಿಮೆಂಟಿನ ಎಡಪಾರ್ಶ್ವ ಆ ಹೊಡೆತಕ್ಕೆ ಚದುರಿಹೋಯಿತು.

ಅನರ್ಥವಾದದ್ದು ಅದರ ನಂತರ. ಗೆದ್ದ ಸವಾರರು ಓಡುವವರ ಬೆನ್ನು ಹತ್ತಿ ಕೈನ್‌ಟನ್ ಹಳ್ಳಿಯವರೆಗೂ ಹೋಗಿ ಅಲ್ಲಿದ್ದ ಸಾಮಾನು ಬಂಡಿಗಳ ಲೂಟಿಗೆ ಇಳಿದರು. ಮೀಸಲಾಗಿ ಹಿಂದೆ ಉಳಿಯಬೇಕಿದ್ದ ಎರಡನೆಯ ಸಾಲು ಕೂಡ ಅವರ ಹಿಂದೆಯೇ ಓಡಿತು. ದೊರೆಯ ಕಾಲಾಳುಗಳಿಗೆ ಕುದುರೆಗಳ ಆಸರೆಯೇ ಇಲ್ಲದಂತಾಯಿತು. ಪಾರ್ಲಿಮೆಂಟಿನ ಕಡೆ ಸರ್ ವಿಲಿಯಂ ಬಾಲ್ಫರ್‌ನ ಕೈಕೆಳಗೆ ಚದುರದೆ ಉಳಿದಿದ್ದ ಸವಾರರು ಅವರ ಮೇಲೆ ಬಿದ್ದು ಫಿರಂಗಿಗಳವರೆಗೂ ನುಗ್ಗಿದರು. ಧ್ವಜಧಾರಿ ಸರ್ ಎಡ್ಮಂಡ್ ವರ್ನಿ ಹತನಾದನು, ರಾಜಧ್ವಜವೂ ಕೆಲಹೊತ್ತು ಶತ್ರುವಿನ ಕೈಸೇರಿತು. ಮೊದಲ ತಾಸಿನಲ್ಲೇ ಗೆಲ್ಲಬಹುದಾಗಿದ್ದ ಕದನ ಸಂಜೆಯ ಹೊತ್ತಿಗೆ ಸಮಸಮವಾಯಿತು.

ಉತ್ತರ 2

ಮೇಲಿನ ಉತ್ತರ ನಿಂತಲ್ಲಿಂದಲೇ ನಾನು ಮುಂದುವರಿಸುತ್ತೇನೆ. ನನ್ನ ದೃಷ್ಟಿಯಲ್ಲಿ ಕ್ರಾಮ್‌ವೆಲ್‌ನ ಹೆಗ್ಗಳಿಕೆ ಎರಗುವುದರಲ್ಲಿ ಇರಲಿಲ್ಲ. ಎರಗಿದ ಮೇಲೆ ಸವಾರರನ್ನು ತಡೆದು ನಿಲ್ಲಿಸಿ ಮತ್ತೆ ಸಾಲುಗೂಡಿಸುವುದರಲ್ಲಿ ಇತ್ತು. ಕುದುರೆಗೆ ಹಿಮ್ಮಡಿಯ ಮುಳ್ಳು ತಾಗಿಸಿ ಮುನ್ನುಗ್ಗುವುದು ಧೈರ್ಯವಿದ್ದ ಯಾರಿಗೂ ಸಾಧ್ಯ. ಶತ್ರು ಬೆನ್ನು ತೋರಿಸಿ ಓಡುವಾಗ, ಅವನ ಬಂಡಿಗಳು ಕಣ್ಣಮುಂದೆಯೇ ಇರುವಾಗ ಲಗಾಮು ಹಿಡಿದು ನಿಲ್ಲುವುದಕ್ಕೆ ತಿಂಗಳುಗಟ್ಟಲೆಯ ಅಭ್ಯಾಸ ಬೇಕು.

ಆ ಅಭ್ಯಾಸ ಆಳುಗಳ ಆಯ್ಕೆಯಿಂದಲೇ ಶುರುವಾಯಿತು. 1642ರಲ್ಲಿ ಹಂಟಿಂಗ್ಡನ್‌ನಲ್ಲಿ ಸುಮಾರು 60 ಸವಾರರ ಒಂದು ತುಕಡಿಯನ್ನು ಕಟ್ಟಿದ ಕ್ರಾಮ್‌ವೆಲ್ ಮುಂದೆ ಅದನ್ನು 14 ತುಕಡಿಗಳ ರೆಜಿಮೆಂಟಾಗಿ ಬೆಳೆಸಿದನು. ಮನೆತನ ನೋಡಿ ಕ್ಯಾಪ್ಟನ್ ಪದವಿ ಕೊಡುವ ಕಾಲದಲ್ಲಿ, ತಾನು ಯಾತಕ್ಕಾಗಿ ಹೋರಾಡುತ್ತಿದ್ದೇನೆಂದು ಬಲ್ಲ, ಬಲ್ಲದ್ದನ್ನು ಪ್ರೀತಿಸುವ ಸಾದಾ ಉಡುಪಿನ ಕ್ಯಾಪ್ಟನ್ನೇ ತನಗೆ ಸಾಕೆಂದು 1643ರ ಪತ್ರವೊಂದರಲ್ಲಿ ಬರೆದನು. ಶಿಸ್ತು ಬಿಗಿಯಾಗಿತ್ತು. ಆಣೆಯಿಟ್ಟು ಬೈದವನಿಗೆ 12 ಪೆನ್ಸ್ ದಂಡ ಬೀಳುತ್ತಿತ್ತು. ದಳ ಬಿಟ್ಟು ಓಡಲು ನೋಡಿದ ಇಬ್ಬರಿಗೆ ಹಂಟಿಂಗ್ಡನ್‌ನ ಪೇಟೆಯಲ್ಲೇ ಚಾವಟಿಯೇಟು ಬಿತ್ತು. ಜೊತೆಗೆ ಸಂಬಳಕ್ಕಾಗಿ ಅವನು ಮೇಲಿನವರಿಗೆ ಮತ್ತೆ ಮತ್ತೆ ಬರೆಯುತ್ತಿದ್ದನು. ಇದನ್ನು ನಾವು ಮರೆಯಬಾರದು, ಏಕೆಂದರೆ ಸಂಬಳ ಕಾಣದ ಸೈನಿಕನಿಗೆ ಲೂಟಿಯೇ ಜೀವನಾಧಾರವಾಗುತ್ತದೆ.

ಕುದುರೆಗಳಿಗೂ ಶಿಕ್ಷಣ ಬೇಕಿತ್ತು. 1632ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾದ ಅಶ್ವದಳದ ಕೈಪಿಡಿಯೊಂದು, ಮದ್ದಿನ ವಾಸನೆ, ಗುಂಡಿನ ಸದ್ದು, ನಗಾರಿ, ಕವಚದ ಹೊಳಪು ಇವುಗಳಿಗೆಲ್ಲ ಕುದುರೆಯನ್ನು ಸ್ವಲ್ಪಸ್ವಲ್ಪವಾಗಿ ಒಗ್ಗಿಸಬೇಕೆಂದು ವಿಧಿಸುತ್ತದೆ.

ಈ ಎಲ್ಲದರ ಫಲ ಮೊದಲು ಸ್ಪಷ್ಟವಾಗಿ ಕಂಡದ್ದು 1643ರ ಜುಲೈ 28ರಂದು, ಗೇನ್ಸ್‌ಬರೋ ಬಳಿ. ಮೊಲದ ಬಿಲಗಳಿಂದ ತುಂಬಿದ್ದ ಗುಡ್ಡವನ್ನು ಕಷ್ಟಪಟ್ಟು ಹತ್ತಿದ ಪಾರ್ಲಿಮೆಂಟಿನ ಸವಾರರು ಮೇಲೆ ಶತ್ರುವನ್ನು ಕುದುರೆಗೆ ಕುದುರೆ ತಾಗುವಂತೆ ಎದುರಿಸಿ, ಬಹಳ ಹೊತ್ತು ಕತ್ತಿ ಪಿಸ್ತೂಲುಗಳಿಂದ ಸೆಣಸಿ, ಕೊನೆಗೆ ಸಾಲನ್ನು ಒಡೆದರು. ಹೆಚ್ಚಿನವರು ಓಡುವವರನ್ನು ಅಟ್ಟಿಕೊಂಡು ಹೋದರು. ಆದರೆ ದೊರೆಯ ಕಡೆಯ ನಾಯಕ ಚಾರ್ಲ್ಸ್ ಕ್ಯಾವೆಂಡಿಶ್ ಒಂದು ಮೀಸಲು ಪಡೆಯೊಡನೆ ಕದಲದೆ ನಿಂತಿರುವುದನ್ನು ಗಮನಿಸಿದ ಕ್ರಾಮ್‌ವೆಲ್ ತನ್ನ ಮೂರು ತುಕಡಿಗಳನ್ನು ತಡೆದು ನಿಲ್ಲಿಸಿಕೊಂಡನು. ಕ್ಯಾವೆಂಡಿಶ್ ಇನ್ನೊಂದು ಗುಂಪಿನ ಮೇಲೆ ಬೀಳುತ್ತಿದ್ದಂತೆಯೇ ಅವನ ಬೆನ್ನಿನ ಕಡೆಯಿಂದ ಎರಗಿ, ಗುಡ್ಡದಿಂದ ಕೆಳಗಿನ ಕೆಸರಿನವರೆಗೂ ಅಟ್ಟಿದನು. ಕ್ಯಾವೆಂಡಿಶ್ ಅಲ್ಲಿಯೇ ಮಡಿದನು. ಎಲ್ಲರೂ ಬೇಟೆಯ ಹುರುಪಿನಲ್ಲಿದ್ದಾಗ ಆ ಮೂರು ತುಕಡಿಗಳು ನಾಯಕನ ಮಾತಿಗೆ ನಿಂತವು ಎಂಬುದು, ನನ್ನ ಮಟ್ಟಿಗೆ, ಇಡೀ ಯುದ್ಧದ ಬಹು ದೊಡ್ಡ ಸಂಗತಿ.

ಮಾರ್ಸ್ಟನ್ ಮೂರ್‌ನಲ್ಲಿ, 1644ರ ಜುಲೈ 2ರ ಸಂಜೆ, ನಡೆದದ್ದೂ ಇದೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಎಡಪಾರ್ಶ್ವದಲ್ಲಿ ಗೆದ್ದ ಕ್ರಾಮ್‌ವೆಲ್ ಬೆನ್ನಟ್ಟುವುದನ್ನು ಬಿಟ್ಟು, ಸವಾರರನ್ನು ಸಾಲುಗೂಡಿಸಿ, ಇಡೀ ರಣರಂಗವನ್ನು ಸುತ್ತಿಕೊಂಡು ಹೋಗಿ, ಎದುರು ಬದಿಯಲ್ಲಿ ಗೆದ್ದು ಚೆದುರಿಕೊಂಡಿದ್ದ, ದೊರೆಯ ಕಡೆಯ ಗೋರಿಂಗ್‌ನ ಪಡೆಯನ್ನು ಮುರಿದನು.

ಉತ್ತರ 3

ಮೇಲಿನ ಎರಡೂ ಉತ್ತರಗಳು ಚೆನ್ನಾಗಿವೆ. ಆದರೆ ರೂಪರ್ಟ್‌ಗೆ ಸಲ್ಲಬೇಕಾದ ನ್ಯಾಯ ಸಂದಿಲ್ಲವೆಂದು ನನಗನ್ನಿಸುತ್ತದೆ. ಎಜ್‌ಹಿಲ್ ಎರಡೂ ಕಡೆಯವರಿಗೆ ಮೊದಲ ದೊಡ್ಡ ಕದನವಾಗಿತ್ತು. ಕೆಲವೇ ವಾರಗಳ ಹಿಂದೆ ಸೇರಿದ್ದ ಯುವಕರಿಂದ ಅಂಥ ಸಂಯಮವನ್ನು ನಿರೀಕ್ಷಿಸುವುದು ಕಷ್ಟ. ಮಾರ್ಸ್ಟನ್ ಮೂರ್‌ನಲ್ಲಿ ರೂಪರ್ಟ್ ತಾನೇ ಮೀಸಲು ಸವಾರರನ್ನು ಕರೆದುಕೊಂಡು ಕ್ರಾಮ್‌ವೆಲ್‌ನ ಮೇಲೆ ಬಿದ್ದನು, ಎರಡೂ ಕಡೆಯವರು ಕತ್ತಿಯಳತೆಯ ದೂರದಲ್ಲಿ ನಿಂತು ಕಡಿದಾಡಿದರು, ಕ್ರಾಮ್‌ವೆಲ್ ಕುತ್ತಿಗೆಗೆ ಗಾಯಗೊಂಡನು. ಆ ಹೊತ್ತಿನಲ್ಲಿ ಪಾರ್ಲಿಮೆಂಟಿನ ಜೊತೆಗೂಡಿದ್ದ ಡೇವಿಡ್ ಲೆಸ್ಲಿಯ ಸ್ಕಾಟಿಷ್ ಸವಾರರು ಪಕ್ಕದಿಂದ ಎರಗದಿದ್ದರೆ ಕದನದ ಗತಿ ಬೇರೆಯಾಗಬಹುದಿತ್ತು. ಆ ಸ್ಕಾಟರ ಹೆಸರು ಇಂಥ ಚರ್ಚೆಗಳಲ್ಲಿ ಬಿಟ್ಟುಹೋಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1645ರಲ್ಲಿ ಪಾರ್ಲಿಮೆಂಟ್ ಕಟ್ಟಿದ ಹೊಸ ಸೈನ್ಯದಲ್ಲಿ ತಲಾ 600 ಸವಾರರ 11 ಅಶ್ವ ರೆಜಿಮೆಂಟುಗಳನ್ನೂ, ಕುದುರೆಯ ಮೇಲೆ ಹೋಗಿ ಇಳಿದು ಬಂದೂಕು ಹಾರಿಸುವ 1,000 ಡ್ರಗೂನರನ್ನೂ ನಿಗದಿಪಡಿಸಲಾಗಿತ್ತು. ಸವಾರನಿಗೆ ದಿನಕ್ಕೆ 2 ಶಿಲ್ಲಿಂಗ್, ಕಾಲಾಳಿಗೆ 8 ಪೆನ್ಸ್. ದೊರೆಯ ಬಳಿ ಇಂಥ ಬೊಕ್ಕಸವೇ ಇರಲಿಲ್ಲ. ಜೂನ್ 14ರಂದು ನೇಸ್‌ಬಿಯಲ್ಲಿ ಕ್ರಾಮ್‌ವೆಲ್‌ನ ಪಾರ್ಶ್ವದಲ್ಲಿದ್ದ ಸವಾರರು ಎದುರಿನ ಲ್ಯಾಂಗ್‌ಡೇಲ್‌ನ ಸವಾರರಿಗಿಂತ ಬಹಳ ಹೆಚ್ಚು. ಒಂದು ಭಾಗವನ್ನು ಸೋತವರ ಹಿಂದೆ ಕಳುಹಿಸಿ ಉಳಿದವರನ್ನು ಕಾಲಾಳುಗಳ ಮೇಲೆ ತಿರುಗಿಸುವುದು ಅವನಿಗೆ ಸಾಧ್ಯವಾದದ್ದು ಶಿಸ್ತಿನಷ್ಟೇ ಈ ಸಂಖ್ಯಾಬಲದಿಂದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ವಿಷಯ ತಿಳಿಸಬೇಕು. ಹೊಗೆ, ಗದ್ದಲ, ಗಾಬರಿಗೊಂಡ ಕುದುರೆಗಳ ನಡುವೆ ಚದುರಿದ ಸವಾರರನ್ನು ಪ್ರಾಯೋಗಿಕವಾಗಿ ಹೇಗೆ ಒಟ್ಟುಗೂಡಿಸುತ್ತಿದ್ದರು?

ಉತ್ತರ 2 ಬರೆದವರು

ಪ್ರತಿ ತುಕಡಿಗೂ ತನ್ನದೇ ಚಿಕ್ಕ ಧ್ವಜವೂ ಕಹಳೆಗಾರರೂ ಇರುತ್ತಿದ್ದರು. ಕಹಳೆಯ ಯಾವ ದನಿಗೆ ಏನು ಮಾಡಬೇಕೆಂಬುದು ಅಭ್ಯಾಸದಲ್ಲೇ ಕಿವಿಗೆ ಕೂತಿರಬೇಕಿತ್ತು. ಒಟ್ಟುಗೂಡುವ ಕರೆ ಕೇಳಿದೊಡನೆ ಸವಾರನು ತನ್ನ ತುಕಡಿಯ ಧ್ವಜವನ್ನು ಹುಡುಕಿ ಅದರ ಬಳಿಗೆ ಬರಬೇಕಿತ್ತು.

ಇದಕ್ಕಿಂತ ಮುಖ್ಯವಾದದ್ದು ವೇಗ. 1643ರ ಮೇ ತಿಂಗಳಿನಲ್ಲಿ ಗ್ರಾಂಥಮ್ ಬಳಿ ತಾವು ಒಳ್ಳೆಯ ಕುಕ್ಕುಲೋಟದಲ್ಲಿ ಶತ್ರುವಿನ ಮೇಲೆ ಹೋದೆವೆಂದು ಕ್ರಾಮ್‌ವೆಲ್‌ನೇ ಬರೆದಿದ್ದಾನೆ. ನಾಗಾಲೋಟದಲ್ಲಿ ಒಂದೊಂದು ಕುದುರೆ ಒಂದೊಂದು ವೇಗದಲ್ಲಿ ಓಡಿ ಸಾಲು ಎಳೆಎಳೆಯಾಗಿ ಬಿಡುತ್ತದೆ. ಕುಕ್ಕುಲೋಟದಲ್ಲಿ ಸಾಲು ಒತ್ತಾಗಿ ಉಳಿಯುವುದಲ್ಲದೆ, ಹೊಡೆದಾಟ ಮುಗಿದ ಮೇಲೂ ಕುದುರೆಯಲ್ಲಿ ಉಸಿರು ಉಳಿದಿರುತ್ತದೆ.

ಉತ್ತರ 3 ಬರೆದವರ ಸಂಖ್ಯೆಯ ಮಾತನ್ನು ಒಪ್ಪುತ್ತೇನೆ. ಆದರೆ ಅದೊಂದೇ ಸಾಲದು. ದೊರೆಯ ಪಕ್ಷದವನೇ ಆದ ಕ್ಲಾರೆಂಡನ್ ಈ ವ್ಯತ್ಯಾಸವನ್ನು ಬರೆದಿಟ್ಟಿದ್ದಾನೆ: ದೊರೆಯ ಸವಾರರು ಎದುರಾಳಿಯನ್ನು ಮುರಿದರೂ ಅದೇ ದಿನ ಎರಡನೆಯ ಬಾರಿ ಎರಗುವಂತೆ ಅವರನ್ನು ಒಟ್ಟುಗೂಡಿಸಲು ಆಗುತ್ತಿರಲಿಲ್ಲ, ಕ್ರಾಮ್‌ವೆಲ್‌ನವರು ಗೆದ್ದರೂ ಸೋತರೂ ಕೂಡಲೇ ಸಾಲುಗೂಡಿ ಮುಂದಿನ ಅಪ್ಪಣೆಗೆ ಕಾಯುತ್ತಿದ್ದರು. ಎಸೆಕ್ಸ್, ವಾಲರ್ ಮೊದಲಾದವರ ಕೈಕೆಳಗಿದ್ದ ಪಾರ್ಲಿಮೆಂಟಿನ ಸವಾರರಲ್ಲಿ ಈ ಗುಣವಿರಲಿಲ್ಲವೆಂದೂ ಅವನು ಸೇರಿಸುತ್ತಾನೆ. ನೇಸ್‌ಬಿಯಲ್ಲಿ ಐರ್ಟನ್‌ನ ಪಾರ್ಶ್ವವನ್ನು ಮುರಿದ ರೂಪರ್ಟ್ ಸಾಮಾನು ಬಂಡಿಗಳವರೆಗೂ ಹೋಗಿ, ಶರಣಾಗಿರೆಂದು ಕೇಳಿ, ಕಾವಲುಗಾರರ ಗುಂಡಿನ ಉತ್ತರ ಪಡೆದು ಹಿಂದಿರುಗುವಷ್ಟರಲ್ಲಿ ದೊರೆಯ ಕಾಲಾಳುಗಳು ಶರಣಾಗತರಾಗುತ್ತಿದ್ದರು. ಅವನ ಸವಾರರು ದೊರೆಯ ಬಳಿ ಇನ್ನೊಮ್ಮೆ ಸಾಲುಗಟ್ಟಿದ್ದು ನಿಜ, ಆದರೆ ಎರಡನೆಯ ಬಾರಿ ಎರಗದೆ ಲೆಸ್ಟರ್ ಕಡೆಗೆ ಹಿಮ್ಮೆಟ್ಟಿದರು.